ಚಿತ್ರದಲ್ಲಿರುವ ಗೋಪುರವನ್ನು ಮತ್ತೆ ಕಟ್ಟಬಹುದೇ?

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಹಳ್ಳಿಯೊಂದರ ನಿವೃತ್ತ ಶಾಲಾ ಶಿಕ್ಷಕ. ನಮ್ಮ ತಾತ ಬೆಂಗಳೂರು ದಂಡಿನ ಹರಾಜೊಂದರಲ್ಲಿ ಕೊಂಡು ತಂದ, ಕಟ್ಟು ಹಾಕಿಸಿದ ಬಣ್ಣದ ಚಿತ್ರವೊಂದು ನಮ್ಮ ಮನೆಯಲ್ಲಿದೆ. ಕೆರೆ, ಆಲದ ಮರ, ಗುಡ್ಡ, ನಡುವೆ ತಲೆ ಮುರಿದು ಗಿಡ ಬೆಳೆದ ಗೋಪುರವುಳ್ಳ ದೇವಸ್ಥಾನ. ಕೆಳಗೆ ಇಂಗ್ಲಿಷಿನಲ್ಲಿ 'ಕೋಲಾರದ ಸಮೀಪದ ಪಗೋಡ' ಎಂಬರ್ಥದ ಬರಹವೂ 1794 ಎಂಬ ಇಸವಿಯೂ ಇವೆ. ಕಲಾವಿದನ ಹೆಸರಿರಬೇಕಾದ ಅಂಚು ಕಾಣುವುದಿಲ್ಲ. ಅದು ನಮ್ಮೂರ ದೇವಸ್ಥಾನವೆಂದೇ ತಾತ ಹೇಳುತ್ತಿದ್ದರು. ಆದರೆ ಚಿತ್ರದಲ್ಲಿ ಗುಡ್ಡ ಎಡಕ್ಕಿದೆ, ನಮ್ಮ ಕೆರೆ ಏರಿಯ ಮೇಲೆ ನಿಂತರೆ ಬಲಕ್ಕೆ ಕಾಣುತ್ತದೆ. ಈಗ ನಮ್ಮಲ್ಲಿ ಗೋಪುರವಿಲ್ಲ, ಕಲ್ಲಿನ ಬುಡ ಮಾತ್ರ ಉಳಿದಿದೆ. ಜೀರ್ಣೋದ್ಧಾರ ಸಮಿತಿಯವರು ಈ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು ಐದು ಅಂತಸ್ತಿನ ಗೋಪುರ ಕಟ್ಟಿಸಬೇಕೆಂದಿದ್ದಾರೆ. ಊರಿನ ಕೆಲವು ಯುವಕರು, ನಮ್ಮನ್ನು ಹೀನಾಯವಾಗಿ ತೋರಿಸಲು ಬಿಳಿಯರು ಬೇಕೆಂದೇ ಪಾಳು ದೇವಸ್ಥಾನ ಬರೆದರು, ಅದನ್ನು ನಂಬಬೇಡಿ ಎನ್ನುತ್ತಾರೆ. ಅಮೆರಿಕದಲ್ಲಿರುವ ಮಗ ಚಿತ್ರವನ್ನು ತನ್ನ ಮನೆಗೆ ಒಯ್ಯುತ್ತೇನೆ ಎನ್ನುತ್ತಿದ್ದಾನೆ. ಏನು ಮಾಡಲಿ?

ಉತ್ತರ: ನೀವು ಕಳುಹಿಸಿದ ಫೋಟೊಗಳನ್ನು ಎರಡು ಸಂಜೆ ಕುಳಿತು ನೋಡಿದೆ. ನಿಮ್ಮ ಪತ್ರದಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ತೊಡಕಿಕೊಂಡಿವೆ: ಚಿತ್ರ ನಿಮ್ಮೂರಿನದೇ, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ನಂಬಿ ಗೋಪುರ ಕಟ್ಟಬಹುದೇ. ಮೊದಲನೆಯದಕ್ಕೆ 'ಹೌದು' ಎಂಬ ಉತ್ತರ ಸಿಕ್ಕ ಮಾತ್ರಕ್ಕೆ ಮೂರನೆಯದಕ್ಕೂ 'ಹೌದು' ಎಂದಾಗುವುದಿಲ್ಲ. ಸಮಿತಿಯವರು ಎಡವುತ್ತಿರುವುದು ಅಲ್ಲಿಯೇ ಎಂದು ನನಗೆ ಕಾಣುತ್ತದೆ.

ಯುವಕರ ಮಾತಿನಿಂದ ಆರಂಭಿಸುತ್ತೇನೆ, ಏಕೆಂದರೆ ಅದರಲ್ಲಿ ಅರ್ಧ ಸತ್ಯವಿದೆ. ಯುರೋಪಿಯನ್ನರು ನಮ್ಮ ದೇವರುಗಳನ್ನು ರಾಕ್ಷಸರಂತೆ ಬರೆದ ಕಾಲವೊಂದಿತ್ತು. ಇಟಲಿಯ ಪ್ರವಾಸಿ ವರ್ತೇಮಾ 1510ರಲ್ಲಿ ಪ್ರಕಟಿಸಿದ ವೃತ್ತಾಂತದಲ್ಲಿ ಕಲ್ಲಿಕೋಟೆಯ ದೇವರನ್ನು ಕಿರೀಟ ಧರಿಸಿದ ಪಿಶಾಚಿಯೆಂದು ವರ್ಣಿಸಿದ. 1515ರ ಜರ್ಮನ್ ಆವೃತ್ತಿಗೆ ಯೋರ್ಗ್ ಬ್ರಾಯ್ ಎಂಬಾತ, ಭಾರತವನ್ನು ಕಣ್ಣಿನಿಂದಲೂ ಕಾಣದೆ, ಆ ಪಿಶಾಚಿಯನ್ನು ಮರದಚ್ಚಿನಲ್ಲಿ ಕೆತ್ತಿದ. ಮುಂದಿನ ಎರಡು ಶತಮಾನಗಳ ಅನೇಕ ಚಿತ್ರಗಳು ಇಂಥ ಕೇಳಿಕೆಯ ಮೇಲೆ ಹುಟ್ಟಿದವು. ಆದರೆ ನಿಮ್ಮ ಚಿತ್ರ ಆ ಸಾಲಿನದಲ್ಲ. 1780ರಿಂದ ಈಚೆಗೆ ಬಂದ ಕಲಾವಿದರು ಬಿಸಿಲಿನಲ್ಲಿ ಕುಳಿತು, ಕಟ್ಟಡವನ್ನು ಎದುರಿಗಿಟ್ಟುಕೊಂಡು ಬರೆದವರು. 1780ರಿಂದ 1783ರವರೆಗೆ ಇಲ್ಲಿದ್ದ ವಿಲಿಯಂ ಹಾಡ್ಜಸ್, ಗ್ರೀಕ್ ಕಟ್ಟಡವೊಂದೇ ಎಲ್ಲಕ್ಕೂ ಅಳತೆಗೋಲು ಎನ್ನುವುದು ಸಲ್ಲದು ಎಂದು ವಾದಿಸಿ 1787ರಲ್ಲಿ ಪ್ರಬಂಧವನ್ನೇ ಪ್ರಕಟಿಸಿದ. ಥಾಮಸ್ ಡೇನಿಯಲ್ ಮತ್ತು ಅವನ ಅಣ್ಣನ ಮಗನೋ ತಮ್ಮನ ಮಗನೋ ಆದ ವಿಲಿಯಂ ಡೇನಿಯಲ್ 1786ರಿಂದ ಏಳೆಂಟು ವರ್ಷ ಇಲ್ಲಿ ಅಲೆದು, 1795ರಿಂದ 1808ರವರೆಗೆ ತಾಮ್ರದ ತಗಡಿನಿಂದ ಮುದ್ರಿಸುವ ಅಕ್ವಾಟಿಂಟ್ ಎಂಬ ಬಗೆಯ ಒಟ್ಟು 144 ಚಿತ್ರಗಳನ್ನು ಹೊರತಂದರು. ಅವುಗಳಲ್ಲಿ ತಂಜಾವೂರಿನ ಬೃಹದೀಶ್ವರ, ಮದುರೆಯ ತಿರುಮಲ ನಾಯಕನ ಮಂಟಪ, ಮಾಮಲ್ಲಪುರದ ಬಂಡೆಗಳು ಅವಹೇಳನದ ಚಿತ್ರಗಳಲ್ಲ. ನೋಡಿ ಬೆರಗಾದವರ ಚಿತ್ರಗಳು. ಇಷ್ಟು ಹೇಳಿದ ಮೇಲೆ ಇದನ್ನೂ ಹೇಳಬೇಕು: ಆ ಬೆರಗಿಗೆ ದಾರಿ ಮಾಡಿಕೊಟ್ಟದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ, ಮತ್ತು ಆ ಚಿತ್ರಗಳ ಗಿರಾಕಿಗಳಲ್ಲಿ ಹಲವರು ಆ ಗೆಲುವಿನಿಂದಲೇ ಸಿರಿವಂತರಾದವರು.

ನಿಮ್ಮ ಜಿಲ್ಲೆಯ ವಿಷಯದಲ್ಲಂತೂ ಇದು ನೇರವಾದ ಸಂಬಂಧ. 1791ರ ಆರಂಭದಲ್ಲಿ, ಟಿಪ್ಪುವಿನೊಡನೆ ನಡೆದ ಯುದ್ಧದಲ್ಲಿ, ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಸೈನ್ಯ ಮೊಗಲಿ ಘಾಟಿಯನ್ನು ಹತ್ತಿ, ಕೋಲಾರ, ಹೊಸಕೋಟೆಗಳ ಮೂಲಕ ಬೆಂಗಳೂರಿಗೆ ಬಂದು, ಮಾರ್ಚ್ 21ರ ರಾತ್ರಿ ಕೋಟೆಯನ್ನು ಹಿಡಿಯಿತು. ಆ ಯುದ್ಧದಲ್ಲಿ ಚಿತ್ರ ಬರೆಯಬಲ್ಲ ಹಲವರಿದ್ದರು. ರಾಬರ್ಟ್ ಹೋಮ್ ವೃತ್ತಿಯಿಂದಲೇ ಚಿತ್ರಕಾರ. ಕೋಲ್‌ಬ್ರೂಕ್, ಅಲೆಗ್ಸಾಂಡರ್ ಅಲನ್, ಜೇಮ್ಸ್ ಹಂಟರ್ ಸೈನ್ಯದ ಅಧಿಕಾರಿಗಳು. ಟಿಪ್ಪುವಿನ ಸೋಲು ಲಂಡನ್ನಿನಲ್ಲಿ ದೊಡ್ಡ ಸುದ್ದಿಯಾಗಿದ್ದರಿಂದ, 1794ರ ಆಸುಪಾಸಿನಲ್ಲಿ 'ಮೈಸೂರು ಸೀಮೆಯ ನೋಟಗಳು' ಎಂಬ ಬಗೆಯ ಚಿತ್ರಮಾಲೆಗಳು ಒಂದರ ಹಿಂದೊಂದರಂತೆ ಬಂದವು. ಈ ಅಧಿಕಾರಿಗಳ ಕಣ್ಣಿದ್ದದ್ದು ಮುಖ್ಯವಾಗಿ ಕೋಟೆ, ಬೆಟ್ಟ, ಕಣಿವೆಯ ದಾರಿಗಳ ಮೇಲೆ. ದೇವಸ್ಥಾನ ಬಂದರೆ ಅದು ಗುರುತಿನ ಕಂಬವಾಗಿಯೋ ಬಿಡಾರ ಹೂಡಿದ ಜಾಗವಾಗಿಯೋ ಬರುತ್ತಿತ್ತು. ಹಾಗಾಗಿ ದಂಡು ಹಾದುಹೋದ ಹಾದಿಯ ದೇವಸ್ಥಾನ ಆ ವರ್ಷಗಳಲ್ಲಿ ಪೂಜೆ ನಿಂತು ಹಾಳುಬಿದ್ದಂತೆ ಕಂಡಿದ್ದರೆ, ಅದು ಬರೆದವನ ಕುಹಕವೇ ಆಗಿರಬೇಕಿಲ್ಲ. 'ಪಗೋಡ' ಎಂಬ ಮಾತಿಗೂ ತಲೆ ಕೆಡಿಸಿಕೊಳ್ಳಬೇಡಿ. ಅಂದಿನ ಇಂಗ್ಲಿಷಿನಲ್ಲಿ ಯಾವುದೇ ಹಿಂದೂ ದೇವಸ್ಥಾನಕ್ಕೆ ಅದೇ ಹೆಸರು, ಬೌದ್ಧರಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನು ಇದಕ್ಕೆ ವಿರುದ್ಧವಾದ ನಂಬಿಕೆ. ಕ್ಯಾಮೆರಾ ಬರುವ ಮುಂಚಿನ ಫೋಟೊ ಇದು, ಇದ್ದದ್ದು ಇದ್ದಂತೆಯೇ ಇದೆ ಎಂಬ ಸಮಿತಿಯವರ ವಾದ ನನ್ನನ್ನು ಹೆಚ್ಚು ಕಾಡುತ್ತದೆ. ಡೇನಿಯಲ್‌ರಂಥವರು ಕ್ಯಾಮೆರಾ ಅಬ್‌ಸ್ಕ್ಯೂರಾ ಎಂಬ ಕತ್ತಲೆ ಪೆಟ್ಟಿಗೆ ಬಳಸುತ್ತಿದ್ದದ್ದು ನಿಜ. ಮಸೂರದ ಮೂಲಕ ಹಾಳೆಯ ಮೇಲೆ ಬಿದ್ದ ನೆರಳಿನ ಅಂಚನ್ನು ಪೆನ್ಸಿಲಿನಿಂದ ತಿದ್ದಿದರೆ ಕಟ್ಟಡದ ಹೊರಗೆರೆ ಮಟ್ಟಸವಾಗಿ ಬರುತ್ತದೆ. ಎರಡು ಶತಮಾನಗಳ ನಂತರ ಆಂಟೋನಿಯೊ ಮಾರ್ಟಿನೆಲ್ಲಿ ಎಂಬ ಛಾಯಾಗ್ರಾಹಕರು ಡೇನಿಯಲ್‌ರು ನಿಂತ ಜಾಗಗಳನ್ನು ಹುಡುಕಿ ಅದೇ ನೋಟಗಳನ್ನು ಮತ್ತೆ ತೆಗೆದಾಗ ಕಟ್ಟಡಗಳ ಹೊಂದಾಣಿಕೆ ಕಂಡದ್ದು ಇದೇ ಕಾರಣಕ್ಕೆ. ಆದರೆ ಆ ಪೆಟ್ಟಿಗೆ ಕೊಡುವುದು ಹೊರಗೆರೆಯನ್ನು ಮಾತ್ರ. ಉಳಿದದ್ದೆಲ್ಲ ಕೈಯ ಕೆಲಸ, ಅದೂ ಒಂದೇ ಕೈಯದಲ್ಲ.

ಈ ಮಾತು ಮುಖ್ಯವಾದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಸ್ಥಳದಲ್ಲಿ ಬರೆದದ್ದು ಸಾಮಾನ್ಯವಾಗಿ ಪೆನ್ಸಿಲ್ ಗೆರೆ, ಮೇಲೊಂದಿಷ್ಟು ನೀರುಬಣ್ಣ. ಅದು ಹಡಗು ಹತ್ತಿ ಲಂಡನ್ನಿಗೆ ಹೋಗುತ್ತಿತ್ತು. ಅಲ್ಲಿ ಕೆತ್ತನೆಗಾರ ತಾಮ್ರದ ತಗಡಿನ ಮೇಲೆ ರಾಳದ ಪುಡಿ ಉದುರಿಸಿ, ಬಿಸಿಮಾಡಿ ಅಂಟಿಸಿ, ಆಮ್ಲದಲ್ಲಿ ಅದ್ದುತ್ತಿದ್ದ. ರಾಳದ ಕಣಗಳ ನಡುವಿನ ಸಂದುಗಳನ್ನು ಆಮ್ಲ ತಿಂದು ಮಾಡಿದ ಸೂಕ್ಷ್ಮ ಗುಳಿಗಳಲ್ಲಿ ಶಾಯಿ ನಿಂತು, ನೀರುಬಣ್ಣ ಹಚ್ಚಿದಂಥ ಛಾಯೆ ಕಾಗದಕ್ಕೆ ಇಳಿಯುತ್ತಿತ್ತು. ಅಕ್ವಾಟಿಂಟ್ ಎಂದರೆ ಇದೇ. ಮುದ್ರಣವಾದ ಮೇಲೆ ಬಣ್ಣ ತುಂಬುವವರು ಬೇರೆ. ಮಾದರಿ ಪ್ರತಿಯೊಂದನ್ನು ಎದುರಿಗಿಟ್ಟುಕೊಂಡು ಒಂದಾದ ಮೇಲೊಂದರಂತೆ ಕುಂಚ ಆಡಿಸುತ್ತಿದ್ದರು. ಜೇಮ್ಸ್ ಹಂಟರ್ 1792ರಲ್ಲೇ ತೀರಿಕೊಂಡ. ಅವನ ಮೈಸೂರಿನ ಚಿತ್ರಗಳನ್ನು ಎಡ್ವರ್ಡ್ ಒರ್ಮ್ ಪ್ರಕಟಿಸಿದ್ದು 1804–05ರಲ್ಲಿ. ಕೆತ್ತುವವನಿಗೆ ಗೋಪುರದ ಎರಡನೇ ಅಂತಸ್ತಿನಲ್ಲಿ ಅನುಮಾನ ಬಂದರೆ ಕೇಳಲು ಯಾರೂ ಇರಲಿಲ್ಲ. ಎಲ್ಲೋರದ ಕತೆಯೂ ಹೀಗೆಯೇ. ಅದನ್ನು ಬರೆದ ಜೇಮ್ಸ್ ವೇಲ್ಸ್ 1795ರಲ್ಲಿ ಠಾಣೆಯಲ್ಲಿ ಸತ್ತ. ಅವನ ರೇಖಾಚಿತ್ರಗಳಿಂದ 24 ಮುದ್ರಣಗಳನ್ನು ಸಿದ್ಧಪಡಿಸಿದವರು ಡೇನಿಯಲ್‌ರು. ವೇಲ್ಸ್‌ಗೆ ನೆರವಾಗಿದ್ದ ಗಂಗಾರಾಮ ತಾಂಬಟ ಎಂಬ ಪುಣೆಯ ಚಿತ್ರಕಾರನ ಹೆಸರು ಎಷ್ಟು ಜನಕ್ಕೆ ಗೊತ್ತು?

ಇದರ ಮೇಲೆ ಅಂದಿನ ಅಭಿರುಚಿ. ಆ ಕಾಲದ ಇಂಗ್ಲೆಂಡಿನಲ್ಲಿ ಒರಟು ಅಂಚು, ಮುರಿದ ಗೋಡೆ, ಅದರ ಮೇಲೊಂದು ಬಳ್ಳಿ ಇಲ್ಲದ ದೃಶ್ಯ ಸಪ್ಪೆ ಎಂಬ ಭಾವನೆಯಿತ್ತು. ತಮ್ಮದೇ ನಾಡಿನ ಪಾಳು ಮಠಗಳನ್ನೂ ಅವರು ಹಾಗೆಯೇ ಬರೆದುಕೊಂಡರು. ಒಂದು ಪಕ್ಕಕ್ಕೆ ಚೌಕಟ್ಟಿನಂತೆ ದೊಡ್ಡ ಮರ, ಮುಂದುಗಡೆ ಕಪ್ಪು ನೆರಳು, ಅಲ್ಲಿ ಪುಟ್ಟಪುಟ್ಟ ಮನುಷ್ಯರು, ಹಿಂದೆ ಬೆಳಕು ಬಿದ್ದ ಕಟ್ಟಡ: ಇದು ಅಂದಿನ ಅಡುಗೆಯ ಸೂತ್ರ. ನಿಮ್ಮ ಚಿತ್ರದ ಆಲದ ಮರ ನಿಮ್ಮೂರಿನಲ್ಲಿ ಇದ್ದಿರಲೂಬಹುದು, ಆದರೆ ನಾನು ಅದರ ಮೇಲೆ ಪಣ ಕಟ್ಟುವುದಿಲ್ಲ. ಮನುಷ್ಯರನ್ನು ಕಿರಿದಾಗಿ ಬರೆದಷ್ಟೂ ಕಟ್ಟಡ ಹಿರಿದಾಗಿ ಕಾಣುತ್ತದೆ. ಆದ್ದರಿಂದ ಆಳಿನ ಎತ್ತರದಿಂದ ಗೋಪುರದ ಎತ್ತರವನ್ನು ಲೆಕ್ಕ ಹಾಕುವ ಸಮಿತಿಯ ಇಂಜಿನಿಯರರ ಪ್ರಯತ್ನಕ್ಕೆ ಬುನಾದಿಯೇ ಇಲ್ಲ. ಬಣ್ಣವಂತೂ ಎಲ್ಲಕ್ಕಿಂತ ದುರ್ಬಲ ಸಾಕ್ಷಿ. ಕೆತ್ತನೆಯ ಸೂಕ್ಷ್ಮ ವಿವರಗಳ ವಿಷಯದಲ್ಲೂ ಇಷ್ಟೇ: ನೀರುಬಣ್ಣದ ಕುಂಚಕ್ಕೆ ಹೊಯ್ಸಳ ಶಿಲ್ಪ ಸಿಕ್ಕುವಂಥದ್ದಲ್ಲ. ಬೇಲೂರು, ಹಳೇಬೀಡುಗಳ ವೈಭವ ಹೊರಜಗತ್ತಿಗೆ ತಿಳಿದದ್ದು 1850ರ ದಶಕದಲ್ಲಿ ಟ್ರೈಪ್, ಪಿಗೌ, ನೀಲ್ ಮುಂತಾದವರು ಫೋಟೊ ತೆಗೆದ ಮೇಲೆಯೇ.

ಈಗ ಗುಡ್ಡದ ವಿಷಯಕ್ಕೆ ಬರೋಣ. ತಗಡಿನ ಮೇಲೆ ಕೆತ್ತಿದ್ದು ಕಾಗದಕ್ಕೆ ಇಳಿಯುವಾಗ ಎಡ–ಬಲ ತಿರುಗುಮುರುಗಾಗುತ್ತದೆ, ಮೊಹರು ಒತ್ತಿದ ಹಾಗೆ. ಎಚ್ಚರವುಳ್ಳ ಕೆತ್ತನೆಗಾರ ಚಿತ್ರವನ್ನು ಮೊದಲೇ ಮಗುಚಿಕೊಂಡು ಕೆತ್ತುತ್ತಾನೆ; ಅವಸರದವನು ಎದುರಿಗಿದ್ದದ್ದನ್ನು ಹಾಗೆಯೇ ಇಳಿಸಿಬಿಡುತ್ತಾನೆ. ಕೆಳಗಿನ ಅಕ್ಷರಗಳು ಸರಿಯಾಗಿವೆಯಲ್ಲ ಎಂದು ನೀವು ಕೇಳಬಹುದು. ಅಕ್ಷರವನ್ನು ಉಲ್ಟಾ ಕೆತ್ತದಿದ್ದರೆ ಯಾರೂ ಓದಲಾಗುವುದಿಲ್ಲ, ಆದ್ದರಿಂದ ಅದರಲ್ಲಿ ತಪ್ಪುವುದಿಲ್ಲ. ಗುಡ್ಡ ಎಡಕ್ಕಿದ್ದರೆ ಲಂಡನ್ನಿನ ಯಾವ ಗಿರಾಕಿ ಕೇಳುತ್ತಾನೆ? ವೃತ್ತಿಯ ಆರಂಭದಲ್ಲಿ ನಾನೂ ಇಂಥದೊಂದು ಮಗುಚಿದ ಚಿತ್ರವನ್ನು ಹಿಡಿದುಕೊಂಡು, ಇಲ್ಲದ ಬೆಟ್ಟವನ್ನು ಹುಡುಕುತ್ತ ಒಂದಿಡೀ ದಿನ ತಪ್ಪು ದಡದಲ್ಲಿ ಅಲೆದಿದ್ದೇನೆ. ಅಂದಿನಿಂದ ಮೊದಲು ನೋಡುವುದು ಚಿತ್ರದಲ್ಲಿರುವ ಮನುಷ್ಯರನ್ನು.

ನೀವು ಕಳುಹಿಸಿದ ಎರಡನೇ ಫೋಟೊವನ್ನು ದೊಡ್ಡದು ಮಾಡಿ ನೋಡಿ. ಕೆರೆಯ ಮೆಟ್ಟಿಲಿನ ಮೇಲೆ ತಂಬಿಗೆ ಹಿಡಿದ ಬ್ರಾಹ್ಮಣನೊಬ್ಬ ನಮ್ಮ ಕಡೆಗೆ ಮುಖ ಮಾಡಿ ನಿಂತಿದ್ದಾನೆ. ಅವನ ಜನಿವಾರ ಬಲ ಹೆಗಲಿನಿಂದ ಎಡ ಸೊಂಟಕ್ಕೆ ಇಳಿದಿದೆ. ಪಿತೃಕಾರ್ಯದ ಹೊತ್ತಿನಲ್ಲಲ್ಲದೆ ಯಾರೂ ಹಾಗೆ ಹಾಕಿಕೊಳ್ಳುವುದಿಲ್ಲ. ಅವನಿಂದ ಸ್ವಲ್ಪ ದೂರದಲ್ಲಿ ಕುಳಿತ ಸಿಪಾಯಿಯ ಕತ್ತಿ ಬಲ ಸೊಂಟದಲ್ಲಿದೆ. ಬಲಗೈಯಿಂದ ಹಿರಿಯಬೇಕಾದ ಕತ್ತಿ ಎಡಕ್ಕಿರಬೇಕಿತ್ತು. ಒಬ್ಬನದು ಮಾತ್ರವಾಗಿದ್ದರೆ ಕೈತಪ್ಪು ಎನ್ನಬಹುದಿತ್ತು. ಇಬ್ಬರದೂ ಹೀಗಿರುವುದರಿಂದ ತಗಡು ಮಗುಚಿಕೊಂಡಿರುವ ಸಂಭವವೇ ಹೆಚ್ಚು. ಫೋಟೊವನ್ನು ಮೊಬೈಲಿನಲ್ಲಿ ಎಡ–ಬಲ ತಿರುಗಿಸಿ, ಅದನ್ನು ಹಿಡಿದುಕೊಂಡು ಬೆಳಗ್ಗೆ ಏರಿಯ ಮೇಲೆ ಹೋಗಿ ನಿಲ್ಲಿ. ಗುಡ್ಡದ ಇಳಿಜಾರಿನ ಗೆರೆ, ತೂಬಿನ ಕಲ್ಲು, ದೇವಸ್ಥಾನದ ಬುಡ ಮೂರೂ ಒಂದೇ ಜಾಗದಿಂದ ಹೊಂದಿಕೊಂಡರೆ ನಿಮ್ಮ ತಾತನ ಮಾತು ಬಹುಮಟ್ಟಿಗೆ ನಿಜ. ಹೊಂದದಿದ್ದರೆ, 'ಕೋಲಾರದ ಸಮೀಪ' ಎಂಬ ಮಾತಿನ ಅರ್ಥ ದಂಡಿನ ಒಂದು ದಿನದ ನಡಿಗೆಯಷ್ಟು ದೂರವೂ ಆಗಬಹುದೆಂಬುದನ್ನು ನೆನಪಿಡಿ. 1794 ಎಂಬುದೂ ಬರೆದ ವರ್ಷವಲ್ಲ, ಪ್ರಕಟಣೆಯ ವರ್ಷ. ಪ್ರಕಟಣೆಯ ದಿನಾಂಕವನ್ನು ಮುದ್ರಿಸಲೇಬೇಕೆಂದು ಬ್ರಿಟನ್ನಿನ 1735ರ ಕೃತಿಸ್ವಾಮ್ಯ ಕಾಯಿದೆ ವಿಧಿಸಿತ್ತು.

ಚಿತ್ರ ನಿಮ್ಮೂರಿನದೇ ಎಂದಿಟ್ಟುಕೊಳ್ಳೋಣ. ಅಷ್ಟಾದರೂ ಆ ಮುರಿದ ಗೋಪುರ ಎರಡು ತೀರ ವಿರುದ್ಧವಾದ ಸಂಗತಿಗಳನ್ನು ಹೇಳುತ್ತಿರಬಹುದು. ಮೇಲುಕೋಟೆಯ ರಾಯಗೋಪುರವನ್ನು ನೀವು ನೋಡಿರುತ್ತೀರಿ. ಆಕಾಶಕ್ಕೆ ಎದ್ದ ಆ ಕಲ್ಲುಕಂಬಗಳನ್ನು ಕಂಡು, ಯಾರೋ ಕೆಡವಿದರು ಎಂದು ಮರುಗುವವರಿದ್ದಾರೆ; ಅದು ಕೆಡವಿದ್ದಲ್ಲ, ಕಟ್ಟಿ ಮುಗಿಸದೆ ಬಿಟ್ಟದ್ದು. ಮದುರೆಯಲ್ಲೂ ಮೇಲೇಳದೆ ನಿಂತ ರಾಯಗೋಪುರವಿದೆ. ಇಂಥ ಅರೆಬರೆ ಬುಡದ ಮೇಲೆ ಗಿಡ ಬೆಳೆದದ್ದನ್ನು ಕಂಡ ಪರದೇಶಿ ಅದನ್ನು ಪಾಳು ಗೋಪುರವೆಂದೇ ಬಗೆಯುತ್ತಾನೆ, ಅವನ ಕೆತ್ತನೆಗಾರ ಮೇಲೊಂದೆರಡು ಮುರಿದ ಅಂತಸ್ತನ್ನು ಸೇರಿಸಿದರೂ ಆಶ್ಚರ್ಯವಿಲ್ಲ. ಇದಕ್ಕೆ ಎದುರಾಗಿ ಹಂಪಿಯ ಕಲ್ಲಿನ ರಥವನ್ನು ನೋಡಿ. ಅಲೆಗ್ಸಾಂಡರ್ ಗ್ರೀನ್‌ಲಾ 1856ರಲ್ಲಿ ತೆಗೆದ ಫೋಟೊದಲ್ಲಿ ಆ ರಥದ ನೆತ್ತಿಯ ಮೇಲೆ ಇಟ್ಟಿಗೆಯ ಶಿಖರವಿದೆ. ಇಂದು ಅದಿಲ್ಲ, ನಮ್ಮ ಐವತ್ತು ರೂಪಾಯಿ ನೋಟಿನ ಮೇಲಿನ ರಥಕ್ಕೂ ಅದಿಲ್ಲ. ಅದೇ ಶಿಖರ ಫೋಟೊ ಬದಲು ನೀರುಬಣ್ಣದ ಚಿತ್ರವೊಂದರಲ್ಲಿ ಮಾತ್ರ ಉಳಿದಿದ್ದರೆ, ಬಿಳಿಯನ ಕಲ್ಪನೆ ಎಂದು ನಾವು ಅದನ್ನು ತಳ್ಳಿಹಾಕಿಬಿಡುತ್ತಿದ್ದೆವು. ಹೀಗಾಗಿ ನಿಮ್ಮ ಗೋಪುರ ಎಂದೂ ಇರಲಿಲ್ಲದಿರಬಹುದು, ಇದ್ದು ಬಿದ್ದುಹೋಗಿರಲೂಬಹುದು. ಎಷ್ಟು ದಿಟ್ಟಿಸಿದರೂ ಚಿತ್ರ ಇದನ್ನು ತೀರ್ಮಾನಿಸುವುದಿಲ್ಲ.

ತೀರ್ಮಾನಿಸುವುದು ನಿಮ್ಮ ಕಲ್ಲಿನ ಬುಡ. ಏಣಿ ಹಾಕಿ, ತಿಳಿದವರೊಬ್ಬರನ್ನು ಜೊತೆಗಿಟ್ಟುಕೊಂಡು, ಅದರ ಮೇಲ್ಮೈಯನ್ನು ನೋಡಿ. ಹಳೆಯ ಗಾರೆಯ ಪದರ, ತೆಳ್ಳನೆಯ ಇಟ್ಟಿಗೆಯ ಚೂರು, ಮರದ ತೊಲೆ ಕೂರಿಸಿದ ಗೂಡು ಸಿಕ್ಕರೆ ಮೇಲೆ ಇಟ್ಟಿಗೆಯ ಕಟ್ಟಡವಿತ್ತು ಎನ್ನಲು ಆಧಾರವುಂಟು. ಬುಡದ ಸುತ್ತ ನೆಲದಲ್ಲಿ ಇಟ್ಟಿಗೆಯ ಪುಡಿಯೇ ಇಲ್ಲದಿದ್ದರೆ ಅನುಮಾನ ಬಲವಾಗುತ್ತದೆ. ಜೊತೆಗೆ ಬರಹದ ದಾಖಲೆಗಳನ್ನೂ ಜಾಲಾಡಬೇಕು: ಮೈಸೂರು ಸೀಮೆಯ ಶಾಸನಗಳನ್ನು ಕಲೆಹಾಕಿದ ಬಿ.ಎಲ್. ರೈಸ್ ಅವರ ಶಾಸನ ಸಂಪುಟಗಳಲ್ಲಿ ಹತ್ತನೆಯದು ನಿಮ್ಮ ಜಿಲ್ಲೆಯದೇ, 1905ರದು. ಹಳೆಯ ಮೈಸೂರು ಪುರಾತತ್ವ ಇಲಾಖೆಯ ವಾರ್ಷಿಕ ವರದಿಗಳನ್ನು ತಿರುವಿಹಾಕಿ. ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಕಡೆಯವರು ಊರೂರಿನಿಂದ ಬರೆಸಿಕೊಂಡ ಕೈಫಿಯತ್ತುಗಳಲ್ಲಿ, ಅಂದರೆ ಊರಿನ ಚರಿತ್ರೆಯ ಬರಹಗಳಲ್ಲಿ, ನಿಮ್ಮೂರಿನದಿದೆಯೇ ನೋಡಿ. ಗುಡಿಗೆ ಏನಾಯಿತೆಂದು ಊರಿನವರೇ ಹೇಳಿದ ಒಂದು ಸಾಲು ಸಿಕ್ಕರೂ ಅದು ನನ್ನ ದೃಷ್ಟಿಯಲ್ಲಿ ಈ ಚಿತ್ರಕ್ಕಿಂತ ಹೆಚ್ಚು ಬೆಲೆಯುಳ್ಳದ್ದು.

ಸಮಿತಿಯ ಮುಂದೆ ಈಗ ಮೂರು ದಾರಿಗಳಿವೆ. ಚಿತ್ರವನ್ನು ನಂಬಿ ಐದು ಅಂತಸ್ತು ಎಬ್ಬಿಸುವುದು ಒಂದು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತನಾಡದೆ ಹೇಳುತ್ತೇನೆ, ಇದು ಬೇಡ. ಇನ್ನೂರು ಮುನ್ನೂರು ವರ್ಷ ಬಿಸಿಲು ಮಳೆ ತಿಂದ ಬುಡಕ್ಕೆ ಸಿಮೆಂಟು ಕಾಂಕ್ರೀಟಿನ ಭಾರ ಹೊರಿಸಿದರೆ ಕಲ್ಲು ಬಿರಿಯಬಹುದು, ಇರುವ ಒಂದೇ ನಿಜವಾದ ಹಳೆಯ ವಸ್ತುವನ್ನು ನಾವೇ ಕಳೆದುಕೊಳ್ಳುತ್ತೇವೆ. ಕಾನೂನಿನ ತೊಡಕೂ ಇದೆ. ದೇವಸ್ಥಾನ ಕೇಂದ್ರದ 1958ರ ಅಥವಾ ರಾಜ್ಯದ 1961ರ ಕಾಯಿದೆಯಡಿ ಸಂರಕ್ಷಿತವಾಗಿದೆಯೇ ಎಂದು ಮೊದಲು ವಿಚಾರಿಸಿ. ಕೇಂದ್ರದ ಪಟ್ಟಿಯಲ್ಲಿದ್ದರೆ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಮುಜರಾಯಿ ದೇವಸ್ಥಾನವಾದರೆ ಇಲಾಖೆಯ ಒಪ್ಪಿಗೆಯಿಲ್ಲದೆ ಒಂದು ಕಲ್ಲನ್ನೂ ಕದಲಿಸಬೇಡಿ. ಎರಡನೆಯ ದಾರಿ, ಬುಡವನ್ನು ಮುಟ್ಟದೆ ಬೇರೊಂದು ಕಡೆ ಹೊಸ ಮಹಾದ್ವಾರ ಕಟ್ಟಿಸುವುದು. ಭಕ್ತರ ಆಸೆಯೂ ತೀರುತ್ತದೆ, ಹಳೆಯದೂ ಉಳಿಯುತ್ತದೆ. ಆದರೆ ಅದರ ಮೇಲೆ 'ಪ್ರಾಚೀನ ಗೋಪುರದ ಪುನರ್ನಿರ್ಮಾಣ' ಎಂದು ಫಲಕ ಹಾಕಿದರೆ ಇಪ್ಪತ್ತು ವರ್ಷದಲ್ಲಿ ಅದೇ ಇತಿಹಾಸವಾಗಿಬಿಡುತ್ತದೆ. ನಾನಾಗಿದ್ದರೆ ಹಿಡಿಯುತ್ತಿದ್ದದ್ದು ಮೂರನೆಯದು: ಬುಡದ ಸಂದುಗಳಿಂದ ಗಿಡದ ಬೇರು ತೆಗೆಸಿ, ಸುಣ್ಣದ ಗಾರೆಯಿಂದ ಸಂದು ತುಂಬಿಸಿ, ನೀರು ನಿಲ್ಲದಂತೆ ಮಾಡಿ ಬಿಡುವುದು. ಹಳೇಬೀಡಿನ ಕೇದಾರೇಶ್ವರದ ಶಿಖರವನ್ನು ಹಾಳು ಮಾಡಿದ್ದು ಯಾವ ಸೈನ್ಯವೂ ಅಲ್ಲ, ಅದರಲ್ಲಿ ಬೇರೂರಿದ ಮರ. ಸಮಿತಿಗೆ ಇದರಿಂದ ಉದ್ಘಾಟನೆಯ ಸಂಭ್ರಮ ಸಿಗುವುದಿಲ್ಲ ಎಂಬುದು ನನಗೂ ಗೊತ್ತು.

ಇನ್ನುಳಿದದ್ದು ಚಿತ್ರದ ಪಾಡು. ಅದು ಮೂಲ ಮುದ್ರಣವೋ ಇತ್ತೀಚಿನ ನಕಲೋ ಎಂದು ತಿಳಿಯಲು ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರ ಸಾಕು. ಆಕಾಶದ ಭಾಗವನ್ನು ನೋಡಿ: ಬಿರುಕುಬಿಟ್ಟ ಕೆರೆಯಂಗಳದಂಥ ಅಡ್ಡಾದಿಡ್ಡಿ ಜಾಲ ಕಂಡರೆ ಅದು ರಾಳದ ಕೆಲಸ, ಅಕ್ವಾಟಿಂಟ್. ಸಾಲು ಹಿಡಿದ ಬಣ್ಣದ ಚುಕ್ಕಿಗಳು ಕಂಡರೆ ಆಫ್‌ಸೆಟ್ ಮುದ್ರಣ. ಮೂಲವಾಗಿದ್ದರೆ ಅದು ನೂರು ವರ್ಷ ದಾಟಿದ ಕಲಾವಸ್ತು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ, ಸಾಗಿಸಿದರೆ ಜೈಲುಶಿಕ್ಷೆಯೂ ಆಗಬಹುದು. ಅದು ತಾತನ ಆಸ್ತಿ, ಮನೆಯ ವಸ್ತು ಎಂಬ ಸಮಜಾಯಿಷಿ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಮಗನಿಗೆ ಒಳ್ಳೆಯ ಸ್ಕ್ಯಾನ್ ಮಾಡಿಸಿ, ಅದೇ ಅಳತೆಯಲ್ಲಿ ಮುದ್ರಿಸಿ ಕೊಡಿ.

ಫೋಟೊದಲ್ಲಿ ಕಾಣುವ ಕಂದು ಚುಕ್ಕೆಗಳಿಗೆ ಹೆದರಬೇಡಿ, ಆದರೆ ಅವನ್ನು ತೆಗೆಸಲೆಂದು ಕಟ್ಟು ಹಾಕುವ ಅಂಗಡಿಯವರ ಕೈಗೆ ಕೊಡಬೇಡಿ. ಬ್ಲೀಚಿನಲ್ಲಿ ಅದ್ದಿದರೆ ಚುಕ್ಕೆಯ ಜೊತೆ ಬಣ್ಣವೂ ಹೋಗುತ್ತದೆ. ಲ್ಯಾಮಿನೇಷನ್ ಎಂಬ ಮಾತನ್ನು ಯಾರಾದರೂ ಎತ್ತಿದರೆ ಚಿತ್ರ ಎತ್ತಿಕೊಂಡು ಎದ್ದು ಬನ್ನಿ. ಸದ್ಯಕ್ಕೆ ಕಿಟಕಿಯ ಎದುರಿನ ಗೋಡೆಯಿಂದ ಇಳಿಸಿ, ಒಣಗಿದ ಜಾಗದಲ್ಲಿ ಅಂಗಾತ ಇಡಿ. ಕಾಗದ ಸಂರಕ್ಷಣೆ ಬಲ್ಲವರೊಬ್ಬರ ಎದುರಿಗೆ ಕಟ್ಟು ಬಿಚ್ಚಿಸಿ. ಹಳೆಯ ಕಟ್ಟಿನವರು ಅಳತೆಗೆ ಹೊಂದಿಸಲು ಅಂಚನ್ನು ಕತ್ತರಿಸದೆ ಹಿಂದಕ್ಕೆ ಮಡಿಸಿಬಿಡುವುದೂ ಉಂಟು, ಅಲ್ಲೇ ಎಡ ಮೂಲೆಯಲ್ಲಿ ಬರೆದವನ ಹೆಸರು, ಬಲ ಮೂಲೆಯಲ್ಲಿ ಕೆತ್ತಿದವನ ಹೆಸರು ಇರುತ್ತವೆ. ಮಡಿಕೆ ಕಂಡರೆ ನೀವಾಗಿ ಬಿಡಿಸಬೇಡಿ, ಎರಡು ಶತಮಾನದ ಕಾಗದ ಹಪ್ಪಳದಂತೆ ಮುರಿಯುತ್ತದೆ. ಆ ಅಂಚಿನ ಒಂದು ಫೋಟೊ, ಬುಡದ ಮೇಲಿನ ಗಾರೆಯ ಒಂದು ಫೋಟೊ ಕಳುಹಿಸಿದರೆ, ಮುಂದಿನ ಮಾತನ್ನು ಇನ್ನಷ್ಟು ಖಚಿತವಾಗಿ ಬರೆಯಬಲ್ಲೆ.